ಅಜ್ಜನ ಪಿಸ್ತೂಲು ಎಷ್ಟು ಗಟ್ಟಿ?

ಚುನಾವಣೆ ಘೋಷಣೆಯಾದರೆ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಪೊಲೀಸ್ ಠಾಣೆಗಳಿಗೆ ಒಂದು ವಿಶೇಷ ಬಗೆಯ ಜನ ಬರುತ್ತಾರೆ. ಕೈಯಲ್ಲಿ ಲೈಸೆನ್ಸ್ ಪುಸ್ತಕ, ಹೆಗಲಿಗೆ ಹಳೆಯ ಪಂಚೆಯಲ್ಲಿ ಸುತ್ತಿದ ಬಂದೂಕು. ಹೆಚ್ಚಿನವು ಹಂದಿ ಕಾಯಲೆಂದು ಪಡೆದ ಒಂಟಿನಳಿಕೆ, ಜೋಡುನಳಿಕೆ ಬಂದೂಕುಗಳು. ಅವರ ನಡುವೆ ಅಲ್ಲೊಬ್ಬರು ಇಲ್ಲೊಬ್ಬರು ಬಗಲಚೀಲದಿಂದ ಅಂಗೈಯಗಲದ ಗಂಟೊಂದನ್ನು ತೆಗೆಯುತ್ತಾರೆ. ಬಿಚ್ಚಿದರೆ ಒಳಗೆ ಹಳೆಯ ಪಿಸ್ತೂಲು. ಅಷ್ಟಾದರೆ ಸಾಕು, ರಸೀದಿ ಬರೆಸಲು ಸರದಿಯಲ್ಲಿ ಕುಳಿತವರೆಲ್ಲ ಅತ್ತ ತಿರುಗುತ್ತಾರೆ.

ಅಲ್ಲಿಂದ ಶುರುವಾಗುವ ಚರ್ಚೆಗೆ ವಿಷಯ ಒಂದೇ. ಯಾವುದು ಗಟ್ಟಿ? ‘ಹಳೇ ಮಾಲು ಹಳೇ ಮಾಲೇರಿ, ಈಗಿನದು ಏನದ?’ ಎಂಬುದು ಹಿರಿಯರ ಪಕ್ಷ. ‘ಎಷ್ಟಂದ್ರೂ ಹಳೇದು, ಯಾವಾಗ ಕೈ ಕೊಡ್ತದೋ ಹೇಳಾಕ ಬರೂದಿಲ್ಲ’ ಎಂಬುದು ಕಿರಿಯರ ಪಕ್ಷ. ಸ್ಪ್ರಿಂಗು ಸಡಿಲಾಗುತ್ತದೆ ಎನ್ನುವವರು, ಆಗುವುದಿಲ್ಲ ಎನ್ನುವವರು, ಕೊಬ್ಬರಿ ಎಣ್ಣೆ ಹಚ್ಚಿದರೆ ನೂರು ವರ್ಷ ಬರುತ್ತದೆ ಎನ್ನುವವರು. ರಸೀದಿ ಕೈಗೆ ಬರುವ ತನಕ ವಾದ ಮುಗಿಯುವುದಿಲ್ಲ.

ಇದು ಬರಿಯ ಹರಟೆಯಲ್ಲ. 2019ರ ಡಿಸೆಂಬರಿನಲ್ಲಿ ಆಯುಧ ಕಾಯ್ದೆಗೆ ತಿದ್ದುಪಡಿ ಬಂದು, ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಆಯುಧಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಮೂರು ಇದ್ದವರು ಒಂದು ವರ್ಷದೊಳಗೆ ಒಂದನ್ನು ಬಿಟ್ಟುಕೊಡಬೇಕಾಯಿತು. ಅಜ್ಜನ ಜೋಡುನಳಿಕೆ ಇರಲೋ, ಅಪ್ಪನ ಪಿಸ್ತೂಲು ಇರಲೋ? ‘ಯಾವುದು ಗಟ್ಟಿ’ ಎಂಬ ಪ್ರಶ್ನೆ ಆಗ ಮನೆಯೊಳಗಿನ ಪ್ರಶ್ನೆಯಾಯಿತು. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಗಟ್ಟಿ ಎಂಬ ನಂಬಿಕೆ ತಪ್ಪಾದರೆ ಅದರ ಬೆಲೆಯನ್ನು ತೆರುವವರು ಪಿಸ್ತೂಲಿನ ಒಡೆಯರೇ ಆಗಬೇಕೆಂದಿಲ್ಲ. ಮನೆಯ ಮಗುವೂ ಆಗಬಹುದು.

ಲಿಂಗಸುಗೂರಿಗೆ ಆಯುಧ ಹೊಸದಲ್ಲ

ಈ ಸೀಮೆಗೂ ಆಯುಧಕ್ಕೂ ಹಳೆಯ ನಂಟು. ಲಿಂಗಸುಗೂರು ಒಂದು ಕಾಲಕ್ಕೆ ಹೈದರಾಬಾದ್ ಕಂಟಿಂಜೆಂಟ್ ದಂಡಿನ ಛಾವಣಿ. 1858ರ ಫೆಬ್ರವರಿಯಲ್ಲಿ ಸುರಪುರದ ವೆಂಕಟಪ್ಪ ನಾಯಕನ ಮೇಲೆ ದಂಡು ಹೊರಟದ್ದು ಇಲ್ಲಿಂದಲೇ. ಅದಕ್ಕೆ ಕೆಲವೇ ತಿಂಗಳ ಹಿಂದೆ, 1857ರಲ್ಲಿ, ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾಯ್ದೆ ತಂದಾಗ ಮುಧೋಳದ ಬಳಿಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಪ್ಪದೆ ಹೋರಾಡಿದ ಕಥೆ ಉತ್ತರ ಕರ್ನಾಟಕದ ಮಕ್ಕಳಿಗೂ ಗೊತ್ತು. 1878ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆ ಆಯುಧ ಕಾಯ್ದೆ ಬಂತು. ಸ್ವತಂತ್ರ ಭಾರತದ ಕಾಯ್ದೆ 1959ರದು. ಈಗ ನಡೆಯುತ್ತಿರುವುದು ಆ ಕಾಯ್ದೆ ಮತ್ತು 2016ರ ನಿಯಮಗಳ ಪ್ರಕಾರ.

ಕೊಡಗಿನಲ್ಲಿ ಮಾತ್ರ ಬೇರೆ ಪದ್ಧತಿ. ಅಲ್ಲಿನ ಕೊಡವರಿಗೆ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ರಾಯಚೂರು ಜಿಲ್ಲೆಯಲ್ಲಿ ಹಾಗಿಲ್ಲ. ಇಲ್ಲಿ ಪ್ರತಿಯೊಂದು ಆಯುಧಕ್ಕೂ ಲೈಸೆನ್ಸು ಬೇಕು, ಅವಧಿ ತೀರಿದಾಗ ನವೀಕರಣ ಬೇಕು.

ಪಿಸ್ತೂಲಿನ ವಿಷಯಕ್ಕೆ ಬಂದರೆ, ಸಾಮಾನ್ಯ ನಾಗರಿಕರಿಗೆ 9 ಮಿ.ಮೀ. ನಿಷಿದ್ಧ. ಅವರ ಬಳಿ ಇರುವುದು ಬಹುಮಟ್ಟಿಗೆ .32, ಅಂದರೆ 7.65 ಮಿ.ಮೀ. ಅಳತೆಯದು. ಈ ಅಳತೆಯ ಮೂಲಪುರುಷ ಅಮೆರಿಕದ ಜಾನ್ ಬ್ರೌನಿಂಗ್. ಅವನ ವಿನ್ಯಾಸದ 7.65ರ ಪಿಸ್ತೂಲನ್ನು ಬೆಲ್ಜಿಯಂನ ಎಫ್.ಎನ್. ಕಾರ್ಖಾನೆ 1900ರ ಮಾದರಿಯೆಂದು ಮಾರಿತು. ಅಮೆರಿಕದ ಕೋಲ್ಟ್ ಕಂಪನಿ 1903ರಲ್ಲಿ ಅವನದೇ ಇನ್ನೊಂದು ವಿನ್ಯಾಸವನ್ನು ತಂದು 1945ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಿಸಿತು. ಇಂಗ್ಲೆಂಡಿನ ವೆಬ್ಲಿ, ಜರ್ಮನಿಯ ವಾಲ್ಟರ್ ಪಿ.ಪಿ., ಇಟಲಿಯ ಬೆರೆಟ್ಟಾ, ಜೆಕ್ ದೇಶದ ಸಿ.ಝಡ್. ಎಲ್ಲವೂ ಇದೇ ಅಳತೆಯ ದಾರಿ ಹಿಡಿದವು. 1914ರಲ್ಲಿ ಸರಯೇವೊದಲ್ಲಿ ಆಸ್ಟ್ರಿಯಾದ ಯುವರಾಜನನ್ನು ಕೊಂದು ಮೊದಲ ಮಹಾಯುದ್ಧಕ್ಕೆ ಕಿಡಿಯಿಟ್ಟದ್ದೂ ಬ್ರೌನಿಂಗನ 1910ರ ಮಾದರಿಯ ಪಿಸ್ತೂಲೇ.

1980ರ ದಶಕದ ನಡುಭಾಗದಿಂದ ಖಾಸಗಿ ಜನ ವಿದೇಶಿ ಆಯುಧ ತರುವುದು ಬಹುತೇಕ ನಿಂತಿತು. ಬಾಗಿಲು ಮುಚ್ಚಿತು, ಒಳಗಿದ್ದ ಸರಕಿನ ಬೆಲೆ ಏರಿತು. ಸರ್ಕಾರಿ ಆಯುಧ ಕಾರ್ಖಾನೆಗಳು .32ರ ‘ಅಶನಿ’ ಪಿಸ್ತೂಲು ತಯಾರಿಸಿದರೂ ಹಳೆಯ ವಿದೇಶಿ ಪಿಸ್ತೂಲಿನ ಮೇಲಿನ ಆಸೆ ಹೋಗಲಿಲ್ಲ. ಆದರೆ ಬೆಲೆ ಏರಿದ್ದು ಸಿಗದ ವಸ್ತು ಎಂಬ ಕಾರಣಕ್ಕೆ. ಸಿಗದ ವಸ್ತುವೆಲ್ಲ ಗಟ್ಟಿ ವಸ್ತುವೆಂದು ಜನ ನಂಬಿಬಿಟ್ಟರು.

ಹಳೆಯದರಲ್ಲೂ ತರತಮವಿದೆ. 1930ರ ದಶಕದಲ್ಲಿ ನಿಧಾನವಾಗಿ ಅರೆದು, ಉಜ್ಜಿ, ಜೋಡಿಸಿದ ಜರ್ಮನ್ ಪಿಸ್ತೂಲಿಗೂ 1944–45ರಲ್ಲಿ ಯುದ್ಧದ ಅವಸರದಲ್ಲಿ ಹೊರಬಿದ್ದ ಅದೇ ಹೆಸರಿನ ಪಿಸ್ತೂಲಿಗೂ ಕೆಲಸದಲ್ಲಿ ಅಜಗಜಾಂತರ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗಾಗಿ ಸ್ಪೇನಿನ ಹತ್ತಾರು ಕಾರ್ಖಾನೆಗಳು ಒಂದೇ ನಮೂನೆಯ ಪಿಸ್ತೂಲು ತಯಾರಿಸಿದವು. ಒಂದರ ಮ್ಯಾಗಜಿನ್ ಇನ್ನೊಂದಕ್ಕೆ ಸರಿಯಾಗಿ ಕೂಡುತ್ತಿರಲಿಲ್ಲ. ಹೀಗಾಗಿ ‘ಫಾರಿನ್ ಮಾಲು’ ಎಂದಷ್ಟೇ ಹೇಳಿದರೆ ಏನನ್ನೂ ಹೇಳಿದಂತಾಗುವುದಿಲ್ಲ. ಯಾವ ಕಾರ್ಖಾನೆ, ಯಾವ ವರ್ಷ ಎಂಬುದನ್ನು ಲೋಹದ ಮೇಲಿನ ಮುದ್ರೆ ಮತ್ತು ಸಂಖ್ಯೆ ಹೇಳಬೇಕು. ‘ನಿಜಾಮರು ಕೊಟ್ಟದ್ದು’ ಎಂಬ ಮನೆಮಾತು ಹೇಳಲಾರದು.

ಕಾಲು ಕಿಲೋ ಉಕ್ಕಿನ ಓಟ

ಗಟ್ಟಿತನದ ಪ್ರಶ್ನೆಗೆ ಉತ್ತರ ಬೇಕಾದರೆ ಒಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು. ಜೋಡುನಳಿಕೆ ಬಂದೂಕಿನಲ್ಲಿ ತೋಟಾ ಹಾಕುವುದು, ಖಾಲಿ ತೋಟಾ ತೆಗೆಯುವುದು ಎಲ್ಲ ಕೈಕೆಲಸ. ಪಿಸ್ತೂಲಿನಲ್ಲಿ ಆ ಕೆಲಸವನ್ನು ಗುಂಡಿನ ಬಲವೇ ಮಾಡುತ್ತದೆ. ಟ್ರಿಗರ್ ಒತ್ತಿದರೆ ಒಂದು ಗುಂಡು ಹಾರುತ್ತದೆ, ಖಾಲಿ ತೋಟಾ ಹೊರಗೆ ಸಿಡಿಯುತ್ತದೆ, ಮ್ಯಾಗಜಿನ್ನಿನಿಂದ ಮುಂದಿನ ತೋಟಾ ಮೇಲೆ ಬಂದು ಕೂರುತ್ತದೆ. ಮತ್ತೆ ಟ್ರಿಗರ್ ಒತ್ತಬೇಕು. ಅರ್ಧ ಕೆಲಸ ಮನುಷ್ಯನದು, ಅರ್ಧ ಯಂತ್ರದ್ದು. ಅದಕ್ಕೇ ಇದು ಅರೆ ಸ್ವಯಂಚಾಲಿತ.

ಹೈಸ್ಕೂಲಿನಲ್ಲಿ ಕಲಿತ ನ್ಯೂಟನ್ನನ ಮೂರನೆಯ ನಿಯಮ ಇಲ್ಲಿ ಕಣ್ಣಿಗೆ ಕಾಣುತ್ತದೆ. .32ರ ಗುಂಡಿನ ತೂಕ ಸುಮಾರು 4.6 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 275 ಮೀಟರ್. ಗುಂಡು ಮುಂದಕ್ಕೆ ಹೋದರೆ, ಪಿಸ್ತೂಲಿನ ಮೇಲುಭಾಗವಾದ ಸ್ಲೈಡು ಹಿಂದಕ್ಕೆ ಬರಲೇಬೇಕು. ಸ್ಲೈಡಿನ ತೂಕ ಕಾಲು ಕಿಲೋ ಎಂದಿಟ್ಟುಕೊಂಡರೆ ಅದರ ವೇಗ ಸೆಕೆಂಡಿಗೆ 5 ಮೀಟರ್, ಅಂದರೆ ಗಂಟೆಗೆ 18 ಕಿಲೋಮೀಟರ್. ಸೈಕಲ್ಲನ್ನು ಜೋರಾಗಿ ತುಳಿದಷ್ಟು. ಕಾಲು ಕಿಲೋ ಉಕ್ಕು ಆ ವೇಗದಲ್ಲಿ ಬಂದು ಎರಡಂಗುಲದೊಳಗೆ ನಿಲ್ಲಬೇಕು. ಅದನ್ನು ಮೆತ್ತಗೆ ತಡೆದು, ಮತ್ತೆ ಮುಂದಕ್ಕೆ ತಳ್ಳುವ ಕೆಲಸ ಒಂದು ಪುಟ್ಟ ಸ್ಪ್ರಿಂಗಿನದು.

ಸ್ಪ್ರಿಂಗು ಗಟ್ಟಿಯಿರುವ ತನಕ ಚಿಂತೆಯಿಲ್ಲ. ಅದು ಸೋತರೆ ಸ್ಲೈಡು ಪ್ರತಿ ಸಲವೂ ಹಿಂದಿನ ಚೌಕಟ್ಟಿಗೆ ಸುತ್ತಿಗೆಯಂತೆ ಬಡಿಯುತ್ತದೆ. ತಂತಿಯನ್ನು ಹಿಂದೆ ಮುಂದೆ ಬಾಗಿಸುತ್ತ ಹೋದರೆ ಒಂದು ಹಂತದಲ್ಲಿ ಪಟ್ಟನೆ ಮುರಿಯುವುದನ್ನು ಎಲ್ಲರೂ ಕಂಡಿದ್ದಾರೆ. ಲೋಹಕ್ಕೂ ದಣಿವಿದೆ. ಹೊಡೆತ ಬಿದ್ದಲ್ಲಿ ಕೂದಲೆಳೆಯ ಬಿರುಕು ಹುಟ್ಟುತ್ತದೆ, ಹೊಡೆತದಿಂದ ಹೊಡೆತಕ್ಕೆ ಬೆಳೆಯುತ್ತದೆ. ಮೇಲಿನ ನೀಲಿ ಹೊಳಪು ಅದನ್ನು ಮುಚ್ಚಿಟ್ಟಿರುತ್ತದೆ. ಆದ್ದರಿಂದ ಪಿಸ್ತೂಲಿನ ವಯಸ್ಸನ್ನು ವರ್ಷಗಳಲ್ಲಿ ಎಣಿಸಿ ಪ್ರಯೋಜನವಿಲ್ಲ. ಹಾರಿಸಿದ ಗುಂಡುಗಳಲ್ಲಿ, ಕಂಡ ತುಕ್ಕಿನಲ್ಲಿ ಎಣಿಸಬೇಕು.

ಸ್ಪ್ರಿಂಗಿನ ವಾದ

ಮಾಲೀಕರಲ್ಲಿ ಅತಿ ಹೆಚ್ಚು ಜಗಳ ಹುಟ್ಟಿಸುವುದು ಮ್ಯಾಗಜಿನ್ನಿನ ಸ್ಪ್ರಿಂಗು. ತುಂಬಿಟ್ಟರೆ ಸೋಲುತ್ತದೆ ಎಂದು ಕೆಲವರು ವಾರಕ್ಕೊಮ್ಮೆ ಗುಂಡು ತೆಗೆದು ಹಾಕುತ್ತಾರೆ. ವರ್ಷಗಟ್ಟಲೆ ತುಂಬಿಟ್ಟರೂ ಏನೂ ಆಗಿಲ್ಲ ಎಂದು ಇನ್ನು ಕೆಲವರು ಸಾಕ್ಷಿ ಹೇಳುತ್ತಾರೆ.

ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಸ್ಪ್ರಿಂಗಿಗೆ ಒಂದು ಮಿತಿಯಿದೆ. ಆ ಮಿತಿಯೊಳಗೆ ಒತ್ತಿಟ್ಟರೆ, ಬಿಟ್ಟಾಗ ಮೊದಲಿನ ಉದ್ದಕ್ಕೆ ಮರಳುತ್ತದೆ. ಮಿತಿ ದಾಟಿದರೆ ಕುಗ್ಗಿದಷ್ಟು ಕುಗ್ಗಿಯೇ ಉಳಿಯುತ್ತದೆ. ಸಂತೆಯಲ್ಲಿ ತರಕಾರಿ ತೂಗುವ ಸ್ಪ್ರಿಂಗ್ ತಕ್ಕಡಿಗೆ ಅಳತೆ ಮೀರಿದ ಮೂಟೆ ನೇತುಹಾಕಿದರೆ ಆಮೇಲೆ ಮುಳ್ಳು ಸೊನ್ನೆಗೆ ಬರುವುದಿಲ್ಲ. ಇಲ್ಲೂ ಹಾಗೆಯೇ. ಒಳ್ಳೆಯ ಉಕ್ಕಿನ, ಸರಿಯಾಗಿ ಹದಗೊಳಿಸಿದ ಸ್ಪ್ರಿಂಗು ಒತ್ತಿದ ಸ್ಥಿತಿಯಲ್ಲಿ ದೀರ್ಘಕಾಲ ಇದ್ದರೂ ಹೆಚ್ಚು ಸೋಲುವುದಿಲ್ಲ. ಮತ್ತೆ ಮತ್ತೆ ಒತ್ತಿ ಬಿಡುವುದೇ ಅದನ್ನು ದಣಿಸುತ್ತದೆ. ಆದರೆ ಎಪ್ಪತ್ತು ಎಂಬತ್ತು ವರ್ಷದ ಹಿಂದಿನ ಸ್ಪ್ರಿಂಗಿನ ಉಕ್ಕು ಯಾವ ಹದದ್ದೆಂದು ಹೊರಗಿನಿಂದ ತಿಳಿಯುವುದಿಲ್ಲ. ವಾರಕ್ಕೊಮ್ಮೆ ತೆಗೆದು ಹಾಕುವವರು ಸ್ಪ್ರಿಂಗನ್ನು ಉಳಿಸುವ ಭರದಲ್ಲಿ ದಣಿಸುತ್ತಿರಬಹುದು. ತುಂಬಿಟ್ಟೇ ಮರೆತವರು ಇದಕ್ಕಿಂತ ದೊಡ್ಡ ಅಪಾಯವನ್ನು ಕಪಾಟಿನಲ್ಲಿ ಇಟ್ಟುಕೊಂಡಿರುತ್ತಾರೆ.

ಸೋತ ಸ್ಪ್ರಿಂಗಿಗೆ ಮದ್ದು ಹೊಸ ಸ್ಪ್ರಿಂಗು. ಇಲ್ಲಿ ಎಡವುವವರು ಬಹಳ. ಹಟ್ಟಿಯ ಚಿನ್ನದ ಗಣಿ ಇರುವ ತಾಲ್ಲೂಕು ಲಿಂಗಸುಗೂರು. ಸಿಂಧನೂರಿನಲ್ಲಿ ಅಕ್ಕಿ ಗಿರಣಿ, ಟ್ರ್ಯಾಕ್ಟರ್ ರಿಪೇರಿಯ ಲೇತ್ ಅಂಗಡಿಗಳಿಗೆ ಬರವಿಲ್ಲ. ಕೈಚಳಕದ ಮಿಸ್ತ್ರಿ ಎಂಥ ಸ್ಪ್ರಿಂಗನ್ನಾದರೂ ಸುತ್ತಿಕೊಟ್ಟಾನು. ಆದರೆ ಕಾಯ್ದೆಯ ಪ್ರಕಾರ ಆಯುಧ ರಿಪೇರಿಗೂ ಲೈಸೆನ್ಸು ಬೇಕು. ಅದಿಲ್ಲದವರ ಕೈಗೆ ಪಿಸ್ತೂಲು ಕೊಡುವುದು ಇಬ್ಬರಿಗೂ ಅಪರಾಧದ ದಾರಿ. ಕಾಯ್ದೆಯನ್ನು ಬದಿಗಿಟ್ಟರೂ ಲೆಕ್ಕ ಕೂಡುವುದಿಲ್ಲ. ತಂತಿ ತೆಳುವಾದರೆ ಸ್ಲೈಡು ಬಡಿಯುತ್ತದೆ, ದಪ್ಪವಾದರೆ ತೋಟಾ ಸಿಕ್ಕಿಕೊಳ್ಳುತ್ತದೆ. ಲೈಸೆನ್ಸುಳ್ಳ ಆಯುಧದ ಅಂಗಡಿಯವರ ಬಳಿ ಹೋಗುವುದೇ ಸರಿಯಾದ ದಾರಿ, ಅದು ಎಷ್ಟು ದೂರವಿದ್ದರೂ.

ಎಣ್ಣೆ, ಕುಂಕುಮ, ಚರ್ಮದ ಚೀಲ

ಗುಂಡಿನಿಂದ ಸತ್ತ ಹಳೆಯ ಪಿಸ್ತೂಲುಗಳಿಗಿಂತ ತುಕ್ಕಿನಿಂದ ಸತ್ತವೇ ಹೆಚ್ಚು ಎಂದರೆ ಅತಿಶಯವಾಗಲಾರದು.

ಹಳೆಯ ಕಾಲದ ತೋಟಾಗಳ ಹಿಂಬದಿಯ ಸಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸಿಡಿದಾಗ ಪೊಟ್ಯಾಸಿಯಂ ಕ್ಲೋರೈಡ್ ಆಗಿ ನಳಿಕೆಯ ಒಳಗೋಡೆಗೆ ಅಂಟುತ್ತದೆ. ಇದು ಅಡುಗೆ ಉಪ್ಪಿನ ತಮ್ಮ. ಮಳೆಗಾಲದಲ್ಲಿ ಉಪ್ಪಿನ ಭರಣಿ ಒದ್ದೆಯಾಗುವಂತೆ ಇದೂ ಗಾಳಿಯ ತೇವವನ್ನು ಎಳೆದುಕೊಂಡು ಉಕ್ಕನ್ನು ತಿನ್ನುತ್ತದೆ. ಎಣ್ಣೆಯಲ್ಲಿ ಉಪ್ಪು ಕರಗದು, ನೀರಿನಲ್ಲಿ ಕರಗುತ್ತದೆ. ಹಿಂದಿನ ಸಿಪಾಯಿಗಳು ಬಿಸಿನೀರು ಸುರಿದು ನಳಿಕೆ ತೊಳೆದು, ಚೆನ್ನಾಗಿ ಒಣಗಿಸಿ, ಆಮೇಲೆ ಎಣ್ಣೆ ಹಚ್ಚುತ್ತಿದ್ದುದು ಇದೇ ಕಾರಣಕ್ಕೆ. ಈ ಗುಟ್ಟು ತಿಳಿಯದೆ ಬರೇ ಎಣ್ಣೆ ಸವರಿಟ್ಟವರ ಪಿಸ್ತೂಲುಗಳ ನಳಿಕೆಯಲ್ಲಿ ಸಿಡುಬಿನ ಕಲೆಯಂತೆ ಕುಳಿಗಳು ಬಿದ್ದವು. ಈಗಿನ ತೋಟಾಗಳಲ್ಲಿ ಸಾಮಾನ್ಯವಾಗಿ ಈ ತೊಂದರೆಯಿಲ್ಲ. ಆದರೆ ಬಿದ್ದ ಕುಳಿ ಮುಚ್ಚುವುದಿಲ್ಲ.

ಎಣ್ಣೆಯಲ್ಲೂ ಎಣ್ಣೆ ನೋಡಬೇಕು. ಕೊಬ್ಬರಿ, ಶೇಂಗಾ, ಹರಳೆಣ್ಣೆಗಳು ಗಾಳಿಗೆ ತೆರೆದುಕೊಂಡು ಕಾಲಕ್ರಮದಲ್ಲಿ ಕೆಡುತ್ತವೆ, ಅಂಟಾಗುತ್ತವೆ. ಕೊಬ್ಬರಿ ಎಣ್ಣೆ ಚಳಿಗಾಲದ ಬೆಳಗಿನಲ್ಲಿ ಗಟ್ಟಿಯೇ ಆಗಿಬಿಡುತ್ತದೆ. ಎರೆಹೊಲದ ನಯವಾದ ದೂಳು ಈ ಅಂಟಿಗೆ ಸೇರಿದರೆ ಅರಗಾಗಿಸುವ ಅರದ ಪುಡಿಯಂತೆ ಕೆಲಸ ಮಾಡುತ್ತದೆ. ಹೊಲಿಗೆ ಯಂತ್ರಕ್ಕೆ ಹಾಕುವಂಥ ತೆಳುವಾದ ಖನಿಜ ತೈಲ ಒಂದೆರಡು ಹನಿ ಸಾಕು.

ಸಿಂಧನೂರಿಗೂ ಮಸ್ಕಿಗೂ ಈ ವಿಷಯದಲ್ಲಿ ವ್ಯತ್ಯಾಸವಿದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಸಿಂಧನೂರಿನ ಸುತ್ತ ನೋಡಿದತ್ತ ನೀರು ನಿಂತ ಭತ್ತದ ಗದ್ದೆ. ಗದ್ದೆಯ ಮಧ್ಯದ ಮನೆಯಲ್ಲಿ ಗಾಳಿಯೇ ತೇವ. ಮಸ್ಕಿ, ಲಿಂಗಸುಗೂರಿನ ಒಣಭೂಮಿಯ ಮನೆಯಲ್ಲಿ ಅದೇ ಪಿಸ್ತೂಲು ಅಷ್ಟೇ ಆರೈಕೆಯಲ್ಲಿ ಹೆಚ್ಚು ಕಾಲ ಚೊಕ್ಕಟವಾಗಿರಬಹುದು. ಒಣಭೂಮಿಯವರು ‘ನಮ್ಮದು ಗಟ್ಟಿ’ ಎಂದು ಹೆಮ್ಮೆ ಪಟ್ಟರೆ ಅದರಲ್ಲಿ ಸ್ವಲ್ಪ ಪಾಲು ಹವೆಗೂ ಸಲ್ಲಬೇಕು.

ಇನ್ನು ಮಹಾನವಮಿ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಪಿಸ್ತೂಲು ಹೊರಬರುತ್ತದೆ. ನೀರಿನಲ್ಲಿ ಕಲಸಿದ ಕುಂಕುಮ, ಹಸಿ ಹೂವು, ಒಡೆದ ಕಾಯಿಯ ಎಳನೀರಿನ ಹನಿ. ಪೂಜೆ ಮುಗಿದ ಮೇಲೆ ಅದನ್ನು ಹಾಗೆಯೇ ಕಟ್ಟಿ ಒಳಗಿಟ್ಟರೆ ಮುಂದಿನ ಮಹಾನವಮಿಗೆ ಕುಂಕುಮವಿದ್ದ ಜಾಗದಲ್ಲಿ ಕುಂಕುಮದ ಬಣ್ಣದ್ದೇ ತುಕ್ಕು. ಪೂಜೆಯ ಮರುದಿನ ಒರೆಸಿ, ಎಣ್ಣೆಯ ಬಟ್ಟೆಯಾಡಿಸಿದರೆ ದೇವರೇನೂ ಮುನಿಯುವುದಿಲ್ಲ. ಚರ್ಮದ ಚೀಲವೂ ಇಂಥದೇ ಶತ್ರು. ನೋಡಲು ಚೆಂದ. ಆದರೆ ಚರ್ಮ ಹದಮಾಡಲು ಬಳಸಿದ ಆಮ್ಲ, ಲವಣಗಳು ಅದರಲ್ಲಿ ಉಳಿದಿರುತ್ತವೆ, ಚರ್ಮ ತೇವವನ್ನೂ ಹಿಡಿದಿಡುತ್ತದೆ. ಸೊಂಟಕ್ಕೆ ಕಟ್ಟುವಾಗ ಚೀಲ ಸರಿ, ಕಪಾಟಿನಲ್ಲಿಡುವಾಗ ಬೇಡ.

ಠಾಣೆಯಲ್ಲಿ ಒಪ್ಪಿಸುವ ಕಾಲವನ್ನೂ ಲೆಕ್ಕ ಹಿಡಿಯಬೇಕು. 2024ರ ಲೋಕಸಭಾ ಚುನಾವಣೆ ಮಾರ್ಚ್ 16ಕ್ಕೆ ಘೋಷಣೆಯಾಗಿ ಫಲಿತಾಂಶ ಬಂದದ್ದು ಜೂನ್ 4ಕ್ಕೆ. ಎಂಬತ್ತು ದಿನ, ಬೇಸಿಗೆಯಿಂದ ಮುಂಗಾರಿನ ತನಕ. ಮಸ್ಕಿಯವರಿಗೆ ಈ ಓಡಾಟ ಇನ್ನೂ ಹೆಚ್ಚು. 2021ರ ಉಪಚುನಾವಣೆಯೂ ಸೇರಿ 2018ರಿಂದ 2024ರೊಳಗೆ ಅಲ್ಲಿ ವಿಧಾನಸಭೆ, ಲೋಕಸಭೆಯ ಮತದಾನವೇ ಐದು ಬಾರಿ ನಡೆಯಿತು. ಒಪ್ಪಿಸುವ ಮುನ್ನ ಖಾಲಿ ಮಾಡಿ, ತೆಳುವಾಗಿ ಎಣ್ಣೆ ಸವರಿ, ರಸೀದಿಯಲ್ಲಿ ಆಯುಧದ ಸಂಖ್ಯೆ ಸರಿಯಿದೆಯೇ ನೋಡಿಕೊಂಡವರು ಆಮೇಲೆ ಪರಿತಪಿಸುವುದಿಲ್ಲ.

ಉಳಿದದ್ದಷ್ಟೇ ಕಣ್ಣಿಗೆ ಬೀಳುತ್ತದೆ

ಹಾಗಿದ್ದರೆ ‘ಹಳೇದೇ ಗಟ್ಟಿ’ ಎಂಬ ಹಿರಿಯರ ಮಾತು ಸುಳ್ಳೇ? ಅವರು ಕಂಡದ್ದನ್ನೇ ಹೇಳುತ್ತಾರೆ. ಆದರೆ ಕಾಣದ್ದು ಲೆಕ್ಕಕ್ಕೆ ಸೇರಿಲ್ಲ.

ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನವಿದೆ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಅದನ್ನು ಕಂಡ. ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿ, ವಿದ್ವಾಂಸರ ಊಹೆಯನ್ನು ದೃಢಪಡಿಸಿದ ಶಾಸನ ಅದು. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಬಂಡೆಯ ಮೇಲೆ ಉಳಿಯಿತು. ಅದನ್ನು ನೋಡಿ ‘ಆ ಕಾಲದ ಬರಹವೆಲ್ಲ ಗಟ್ಟಿ’ ಎನ್ನಬಹುದೇ? ಅದೇ ಕಾಲದಲ್ಲಿ ಎಲೆಯ ಮೇಲೆ, ಬಟ್ಟೆಯ ಮೇಲೆ, ಮರದ ಮೇಲೆ ಬರೆದದ್ದು ಎಲ್ಲಿ ಹೋಯಿತು? ಅಳಿದದ್ದು ಕಣ್ಣಿಗೆ ಬೀಳುವುದಿಲ್ಲ.

ಪಿಸ್ತೂಲಿನ ಕಥೆಯೂ ಇಷ್ಟೇ. ಒಡೆದವು, ತುಕ್ಕು ತಿಂದವು, ರದ್ದಾಗಿ ಸರ್ಕಾರಕ್ಕೆ ಹೋದವು ಠಾಣೆಯ ಬೆಂಚಿನ ಮೇಲೆ ಬಂದು ಮಾತಾಡುವುದಿಲ್ಲ. ಬಂದು ಕುಳಿತವು ಉಳಿದವು ಮಾತ್ರ. ಅವೂ ಉಳಿದದ್ದೇಕೆ? ಲೈಸೆನ್ಸಿನಲ್ಲಿ ತೋಟಾಗಳಿಗೆ ಮಿತಿಯಿದೆ, ತೋಟಾ ತುಟ್ಟಿ, ಹಾರಿಸಲು ಜಾಗವಿಲ್ಲ, ಕಾರಣವೂ ಇಲ್ಲ. ಐವತ್ತು ವರ್ಷ ಮನೆಯಲ್ಲಿದ್ದ ಪಿಸ್ತೂಲು ಐವತ್ತು ಗುಂಡನ್ನೂ ಹಾರಿಸದೆ ಇರಬಹುದು. ತವರಿನಿಂದ ತಂದ ಬೆಳ್ಳಿತಟ್ಟೆ ಹೊಸದರಂತೆ ಇರುವುದು ಅದರಲ್ಲಿ ದಿನವೂ ಉಣ್ಣದ ಕಾರಣಕ್ಕೆ ತಾನೇ!

ಒಳಗೆ ಉಳಿದ ಒಂದು ಗುಂಡು

ಗಟ್ಟಿ ಎಂಬ ಮಾತಿಗೆ ಇನ್ನೊಂದು ಅರ್ಥವಿದೆ. ಅದನ್ನು ಬೆಂಚಿನ ಮೇಲೆ ಯಾರೂ ಚರ್ಚಿಸುವುದಿಲ್ಲ. ಬೇಕಾದಾಗ ಹಾರುವುದಷ್ಟೇ ಅಲ್ಲ, ಬೇಡವಾದಾಗ ಹಾರದೆ ಇರುವುದೂ ಗಟ್ಟಿತನವೇ.

ಹಳೆಯ ಪಿಸ್ತೂಲುಗಳಲ್ಲಿ ಕುದುರೆಯನ್ನು ತಡೆದು ಹಿಡಿಯುವುದು ಉಗುರಿನಷ್ಟೂ ಇಲ್ಲದ ಉಕ್ಕಿನ ಕೊಕ್ಕೆ. ಅದರ ಅಂಚು ಸವೆದರೆ ಪಿಸ್ತೂಲು ಕೈಜಾರಿ ನೆಲಕ್ಕೆ ಬಿದ್ದಾಗ ತಾನಾಗಿಯೇ ಹಾರಬಹುದು. ವಾಲ್ಟರ್ ಪಿ.ಪಿ.ಯಂಥ ಕೆಲವು ಮಾದರಿಗಳಲ್ಲಿ ಇದಕ್ಕೆ ಒಳಗೇ ಒಂದು ಅಡ್ಡಗಟ್ಟಿದೆ. ಅದಕ್ಕಿಂತ ಹಳೆಯ ಹಲವು ಮಾದರಿಗಳಲ್ಲಿ ಇಲ್ಲ. ಕೋಲ್ಟ್ 1903ರಲ್ಲಿ ಕುದುರೆ ಸ್ಲೈಡಿನ ಒಳಗೆ ಅಡಗಿರುವುದರಿಂದ ಅದು ಎದ್ದಿದೆಯೋ ಬಿದ್ದಿದೆಯೋ ಹೊರಗಿನಿಂದ ಕಾಣುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ ಯಂತ್ರದ್ದಲ್ಲ, ಮನುಷ್ಯನ ತಿಳಿವಳಿಕೆಯದು. ಬಂದೂಕನ್ನು ಮುರಿದು ನೋಡಿದರೆ ಎರಡು ತೋಟಾ ಇವೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಪಿಸ್ತೂಲು ಹಾಗಲ್ಲ. ಮ್ಯಾಗಜಿನ್ ಎಳೆದು ತೆಗೆದವರು ಖಾಲಿಯಾಯಿತೆಂದು ನಂಬುತ್ತಾರೆ. ನಳಿಕೆಯ ಬುಡದಲ್ಲಿ, ಗುಂಡಿನ ಮನೆಯಲ್ಲಿ, ಒಂದು ತೋಟಾ ಕುಳಿತೇ ಇರಬಹುದು. ಹಳೆಯ ಬಹಳಷ್ಟು ಪಿಸ್ತೂಲುಗಳು ಮ್ಯಾಗಜಿನ್ ಇಲ್ಲದಿದ್ದರೂ ಆ ಒಂದು ಗುಂಡನ್ನು ಹಾರಿಸುತ್ತವೆ. ‘ಖಾಲಿ ಅದ, ಹೆದರಬ್ಯಾಡ’ ಎಂದು ತಮಾಷೆಗೆ ಗುರಿಯಿಟ್ಟು, ಜೀವ ಹೋದ ಸುದ್ದಿಗಳು ಪತ್ರಿಕೆಗಳಲ್ಲಿ ಎಷ್ಟೋ ಬಂದಿವೆ. ಮೊದಲು ಮ್ಯಾಗಜಿನ್ ತೆಗೆಯಬೇಕು. ಆಮೇಲೆ ಸ್ಲೈಡು ಹಿಂದಕ್ಕೆಳೆದು, ಗುಂಡಿನ ಮನೆಯನ್ನು ಬೆಳಕಿಗೆ ಹಿಡಿದು ಕಣ್ಣಿಂದ ನೋಡಬೇಕು, ಕತ್ತಲಲ್ಲಾದರೆ ಕಿರುಬೆರಳಿನಿಂದ ಮುಟ್ಟಿ ನೋಡಬೇಕು. ಅಷ್ಟು ಹೊತ್ತೂ ನಳಿಕೆಯ ಬಾಯಿ ಯಾರತ್ತಲೂ ಇರಬಾರದು. ಪಿಸ್ತೂಲು ಒಂದು ಬೀಗದಲ್ಲಿ, ಗುಂಡು ಇನ್ನೊಂದು ಬೀಗದಲ್ಲಿ ಇರಬೇಕು. ಮದುವೆ ದಿಬ್ಬಣದಲ್ಲಿ, ಗೆದ್ದವರ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸುವ ಶೋಕಿಗೆ 2019ರ ತಿದ್ದುಪಡಿ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡದ ಶಿಕ್ಷೆ ಇಟ್ಟಿದೆ. ಮೇಲೆ ಹೋದ ಗುಂಡು ಕೆಳಗೆ ಬರಲೇಬೇಕು ಎಂಬುದು ನ್ಯೂಟನ್ನನಿಗಿಂತ ಮೊದಲೂ ಜನಕ್ಕೆ ಗೊತ್ತಿದ್ದ ಸಂಗತಿ.

ವಯಸ್ಸಾದ ಮಾಲೀಕರು ಮಾಡಬಹುದಾದ ಇನ್ನೊಂದು ಕೆಲಸವಿದೆ. ಎಪ್ಪತ್ತು ದಾಟಿದವರು, ಇಲ್ಲವೆ ಇಪ್ಪತ್ತೈದು ವರ್ಷ ಆಯುಧ ಇಟ್ಟುಕೊಂಡವರು ತಾವು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ವರ್ಗಾಯಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ವಾರಸುದಾರರಿಗೆ ಲೈಸೆನ್ಸಿನ ಅರ್ಹತೆ ಇರಬೇಕು ಅಷ್ಟೇ. ಹಾಗೆ ಕೊಡುವಾಗ ಪಿಸ್ತೂಲಿನ ಜೊತೆ ಅದರ ಚರಿತ್ರೆಯನ್ನೂ ಕೊಡಬೇಕು. ಯಾವ ವರ್ಷದ್ದು, ಎಷ್ಟು ಹಾರಿಸಿದ್ದು, ಏನು ರಿಪೇರಿಯಾಗಿದೆ, ಯಾವುದು ಸಡಿಲ. ಅಜ್ಜ ಹೇಳದೆ ಹೋದರೆ ಮೊಮ್ಮಗನಿಗೆ ಉಳಿಯುವುದು ನೀಲಿ ಹೊಳಪಿನ ಉಕ್ಕು ಮತ್ತು ‘ಹಳೇದೇ ಗಟ್ಟಿ’ ಎಂಬ ಮಾತು, ಅಷ್ಟೇ.

ಮುಂದಿನ ಚುನಾವಣೆ ಬಂದೇ ಬರುತ್ತದೆ. ಠಾಣೆಯ ಬೆಂಚು ಮತ್ತೆ ತುಂಬುತ್ತದೆ, ಗಂಟು ಬಿಚ್ಚುತ್ತದೆ, ಕೊಬ್ಬರಿ ಎಣ್ಣೆಯ ವಾದ ಮೊದಲಿನಿಂದ ಶುರುವಾಗುತ್ತದೆ. ವಾದಿಸುವವರು ವಾದಿಸಲಿ. ಮನೆಯಿಂದ ಹೊರಡುವ ಮುನ್ನ ಸ್ಲೈಡು ಎಳೆದು ಗುಂಡಿನ ಮನೆಯನ್ನು ಕಣ್ಣಾರೆ ನೋಡಿ ಬಂದಿದ್ದರೆ ಸಾಕು.